ಯಾರ್ಕ್‌ಷೈರಿಗೆ ಹೊರಟಿರುವ ತಮ್ಮನಿಗೆ

ತಮ್ಮಾ,

ನೈಟ್ ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತಾಗ ನಿನ್ನ ಮೆಸೇಜು ನೋಡಿದೆ. "ಅಕ್ಕಾ, ಲೀಡ್ಸ್ ಮಿಷನ್ನಿಗೆ ಕಾಲ್ ಬಂದಿದೆ, ಜನವರಿಯಲ್ಲಿ ಹೊರಡಬೇಕು. ಬಟ್ಟೆ ಏನು ತರಲಿ, ಊಟಕ್ಕೆ ಏನ್ಮಾಡ್ಲಿ, ಮುಖದ ಮೇಲೇ ಬಾಗಿಲು ಹಾಕ್ತಾರಂತೆ ನಿಜಾನಾ, ಜೋಡಿಗೆ ಕೊಡೋ ಕಂಪ್ಯಾನಿಯನ್ ಜೊತೆ ಹೊಂದಿಕೆ ಆಗದಿದ್ರೆ ಏನು ಗತಿ" ಅಂತ ಒಂದೇ ಉಸಿರಿಗೆ ಕೇಳಿದ್ದೀಯ. ಜನ ಮಾರ್ಮನ್ ಅಂತ ಕರೆಯೋ ನಮ್ಮ ಚರ್ಚಿನ ಭಾನುವಾರದ ಮೀಟಿಂಗಲ್ಲಿ ನಿಮ್ಮಮ್ಮನ ಮಡಿಲಲ್ಲಿ ನಿದ್ದೆ ಹೋಗ್ತಿದ್ದ ಹುಡುಗ ನೀನು. ಮಿಷನರಿಯಾಗಿ ಎದೆಗೆ ಹೆಸರಿನ ಕಪ್ಪು ಬಿಲ್ಲೆ ಹಾಕ್ಕೊಂಡು ನಾನು ನಡೆದ ಬೀದಿಗಳಲ್ಲೇ ನಡೀತೀಯ ಅಂತ ನೆನೆಸಿಕೊಂಡು ಇಳಿಯೋ ಸ್ಟಾಪು ದಾಟಿ ಹೋಗಿದ್ದೆ.

ನಾನು ಇಂಗ್ಲೆಂಡಿಗೆ ಬಂದಿದ್ದು 2010ರ ಮಾರ್ಚಿನಲ್ಲಿ. ಹುಡುಗಿಯರು ಮಿಷನ್ನಿಗೆ ಹೋಗೋಕೆ ಆಗ 21 ತುಂಬಬೇಕಿತ್ತು. ನರ್ಸಿಂಗ್ ಮುಗಿಸಿ 22ಕ್ಕೆ ಹೊರಟೆ, 18 ತಿಂಗಳಿಗೆ. ದೊಡ್ಡಪ್ಪ ಮನೆಗೆ ಬಂದು ಕೇಳಿದ ಮೊದಲ ಮಾತು "ಸಂಬಳ ಎಷ್ಟು?" ಸಂಬಳ ಇಲ್ಲ, ನಮ್ಮ ಖರ್ಚಿಗೆ ನಾವೇ ಕೈಲಾದಷ್ಟು ಹಾಕಬೇಕು ಅಂದಾಗ ಅವರು ಅಪ್ಪನ ಮುಖ ನೋಡಿದರು. ಅಪ್ಪ ಏನೂ ಹೇಳಲಿಲ್ಲ. ಮ್ಯಾಂಚೆಸ್ಟರ್ ಏರ್‌ಪೋರ್ಟಿನ ಅಧಿಕಾರಿಯೂ ಅದನ್ನೇ ಕೇಳಿದ, ಅದೇ ಉತ್ತರ ಕೊಟ್ಟೆ, ಅವನೂ ದೊಡ್ಡಪ್ಪನ ಹಾಗೇ ನೋಡಿದ.

ಬಿಲ್ಲೆ ವಿಷಯ ನಿನಗೂ ಆಗುತ್ತೆ, ಈಗಲೇ ಹೇಳಿಬಿಡ್ತೀನಿ. ನಮಗೆ ಇನಿಷಿಯಲ್ಲು ಬಿಟ್ಟರೆ ಸರ್‌ನೇಮ್ ಎಲ್ಲಿದೆ? ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಹಾಕಿಸಿದ್ದೆ. ಚೋರ್ಲಿಯ ಟ್ರೈನಿಂಗ್ ಸೆಂಟರಿನಲ್ಲಿ ನನಗೆ ಕೊಟ್ಟ ಬಿಲ್ಲೆಯಲ್ಲಿ 'ಸಿಸ್ಟರ್' ಅಂತ ಬರೆದು ಅದರ ಮುಂದೆ ಅಪ್ಪನ ಹೆಸರು ಕೆತ್ತಿತ್ತು, ಕೆಳಗೆ ಚರ್ಚಿನ ಹೆಸರು. ಅಮ್ಮ ಮತ್ತು ನಾನು ದೀಕ್ಷಾಸ್ನಾನ ತಗೊಂಡೆವು, ಅಪ್ಪ ತಗೊಳ್ಳಲಿಲ್ಲ. ಇವತ್ತಿಗೂ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡೇ ಕಾಫಿ ಕುಡಿಯೋದು. ಅಂಥವರ ಹೆಸರನ್ನು ಹದಿನೆಂಟು ತಿಂಗಳು ಎದೆ ಮೇಲೆ ಹೊತ್ತು ಯಾರ್ಕ್‌ಷೈರಿನ ಬಾಗಿಲು ತಟ್ಟಿದ್ದೀನಿ. ಫೋಟೊ ಕಳಿಸಿದಾಗ ಅಪ್ಪ ಅದನ್ನು ಅಂಗಡಿಗೆ ತಗೊಂಡು ಹೋಗಿ ತೋರಿಸಿದರಂತೆ. ಇದನ್ನು ನಾನು ಯಾವತ್ತೂ ಮರೆಯಲ್ಲ.

ಊಟದ್ದು ಯೋಚನೆ ಮಾಡಬೇಡ. ಚಟ್ನಿಪುಡಿ, ಹುಳಿಪುಡಿ ತಗೊಂಡು ಬಾ. ತುಪ್ಪ ತರಬೇಡ, ಇಂಡಿಯಾದಿಂದ ಹಾಲಿನ ಪದಾರ್ಥ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ತಾರೆ. ಬ್ರಾಡ್‌ಫರ್ಡ್, ಲೀಡ್ಸ್‌ನಲ್ಲಿದ್ದರೆ ಕರಿಬೇವು, ಬೇಳೆ, ಕೊಬ್ಬರಿ ಎಲ್ಲ ಸಿಗುತ್ತೆ, ಪಾಕಿಸ್ತಾನದವರ ಅಂಗಡಿಗಳು ಬೇಕಾದಷ್ಟಿವೆ. ಹಲ್ ಊರಿನ ಕಡೆ ಹಾಕಿದರೆ ಸ್ವಲ್ಪ ಕಷ್ಟ. ಚಿತ್ರಾನ್ನ ಮಾಡೋದು ಕಲಿತುಕೊಂಡು ಬಾ, ಹತ್ತು ನಿಮಿಷದ ಕೆಲಸ, ಯಾವ ದೇಶದ ಕಂಪ್ಯಾನಿಯನ್ ಆದರೂ ತಿಂತಾರೆ.

ಕಂಪ್ಯಾನಿಯನ್ ಜೊತೆ ಹೊಂದಿಕೊಳ್ತೀಯ. ಒಂದು ಬಚ್ಚಲಿಗೆ ಆರು ಜನ ಕಾಯುವ ಮನೇಲಿ ಬೆಳೆದವನಿಗೆ ಅದನ್ನು ನಾನು ಹೇಳಿಕೊಡಬೇಕಾ? ಆಗದಿದ್ದರೂ ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಇದ್ದೇ ಇದೆ. ಕರೆಂಟಿನ ಮೀಟರು ಕೆಲವು ಮನೆಗಳಲ್ಲಿ ಮೊದಲೇ ದುಡ್ಡು ಹಾಕಿಸೋ ಥರದ್ದು. ವಾರಕ್ಕೊಂದು ದಿನ ಸ್ವಂತ ಕೆಲಸಕ್ಕೆ ಬಿಡೋ ಪಿ-ಡೇ ದಿನ ಬಟ್ಟೆ ಒಗೆಯೋದು, ಸಾಮಾನು ತರೋದು, ಪತ್ರ ಬರೆಯೋದರ ಗಡಿಬಿಡಿಯಲ್ಲಿ ಅದನ್ನು ಮರೀಬೇಡ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರ್ತಾನೆ. ಆ ಕತ್ತಲಲ್ಲಿ ಕರೆಂಟೂ ಹೋದರೆ ಊರು ಬಹಳ ನೆನಪಾಗುತ್ತೆ.

ಬಾಗಿಲು ಹಾಕ್ತಾರಾ ಅಂದೆಯಲ್ಲ, ಹಾಕ್ತಾರೆ. ಬಹುಪಾಲು ಜನ ಮರ್ಯಾದೆಯಿಂದಲೇ ಹಾಕ್ತಾರೆ. "ನೀವು ಯೆಹೋವನ ಸಾಕ್ಷಿಗಳಾ?" ಅಂತ ಕೇಳ್ತಾರೆ (ಅವರೂ ನಮ್ಮ ಹಾಗೆ ಮನೆ ಮನೆಗೆ ಹೋಗೋ ಪಂಗಡ), ಅಲ್ಲ ಅಂದರೆ "ಓ, ಮಾರ್ಮನ್ಸ್" ಅಂತಾರೆ. ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಅಂತ ಚರ್ಚಿನ ಪೂರ್ತಿ ಹೆಸರೇ ಹೇಳಿ ಅಂತ 2018ರಿಂದ ನಮಗೆ ಹೇಳಿದ್ದಾರೆ, ಆದರೆ ನೀನು ಆ ಉದ್ದ ಹೆಸರು ಮುಗಿಸೋ ಹೊತ್ತಿಗೆ ಬಾಗಿಲು ಮುಚ್ಚಿರುತ್ತೆ. ಬೇಜಾರು ಮಾಡ್ಕೋಬೇಡ. ವಯಸ್ಸಾದವರು "ಲವ್" ಅಂತ ಕರೀತಾರೆ, ಅದು ಅಲ್ಲಿನ ವಾಡಿಕೆ, ನಮ್ಮಲ್ಲಿ "ಏನಪ್ಪಾ", "ಏನಮ್ಮಾ" ಅಂದ ಹಾಗೆ.

ಬಟ್ಟೆ ವಿಷಯಕ್ಕೆ ಬರ್ತೀನಿ. ಅದನ್ನು ಹೇಳಬೇಕಾದರೆ ಬ್ರಾಡ್‌ಫರ್ಡಿನ ಒಬ್ಬ ಅಜ್ಜಿಯ ಕತೆ ಹೇಳಲೇಬೇಕು.

2010ರ ಡಿಸೆಂಬರ್. 1910ರಿಂದೀಚೆಗೆ ಬ್ರಿಟನ್ನಿನ ಅತಿ ಚಳಿಯ ಡಿಸೆಂಬರ್ ಅದು. ನವೆಂಬರ್ ಕೊನೆಗೇ ಹಿಮ ಬಿದ್ದು ಗಟ್ಟಿಯಾಗಿತ್ತು. ಬ್ರಾಡ್‌ಫರ್ಡಿನ ಬೀದಿಗಳು ಗುಡ್ಡ ಹತ್ತಿ ಇಳೀತವೆ, ಬಸ್ಸು ನಿಂತುಹೋಗಿತ್ತು. ಸಿಸ್ಟರ್‌ಗಳಿಗೆ ಆಗ ಪ್ಯಾಂಟ್ ಹಾಕುವಂತಿರಲಿಲ್ಲ, ಸ್ಕರ್ಟಿನ ಕೆಳಗೆ ಎರಡೆರಡು ದಪ್ಪ ಕಾಲುಚೀಲ ಎಳೆದುಕೊಂಡು ಗೋಡೆ ಹಿಡಿದು ನಡೀತಿದ್ವಿ. ನನ್ನ ಜೊತೆಗಿದ್ದವಳು ಅಮೆರಿಕದ ಐಡಹೋದ ರೈತರ ಮನೆ ಹುಡುಗಿ, ಅವಳಿಗೆ ಹಿಮ ಹೊಸದಲ್ಲ. ನಾನು ಬೆಂಗಳೂರಲ್ಲಿ ಅಮ್ಮ ಚೌಕಾಸಿ ಮಾಡಿ ಕೊಡಿಸಿದ ಕೋಟು ಹಾಕಿದ್ದೆ. ಉಣ್ಣೆಯದ್ದು ಅಂತ ನಂಬಿದ್ದೆ.

ಒಂದು ಸಾಲುಮನೆಯ ಬಾಗಿಲು ತೆಗೆದ ಅಜ್ಜಿ ನಾವು ಯಾರು ಅಂತ ಕೇಳಲೇ ಇಲ್ಲ. "ಒಳಗೆ ಬನ್ನಿ ಲವ್" ಅಂದವರು ಸೀದಾ ಹೋಗಿ ಕೆಟಲ್ ಹಚ್ಚಿದರು. ಟೀ ಬೇಡ, ನಾವು ಟೀ ಕಾಫಿ ಕುಡಿಯಲ್ಲ ಅಂದೆ. ಅವರ ಕೈ ಕಪ್ಪಿನ ಮೇಲೇ ನಿಂತಿತು. ಮನೆಗೆ ಬಂದವರು ಒಂದು ಲೋಟ ನೀರೂ ಮುಟ್ಟದೆ ಹೋದರೆ ನಮ್ಮಮ್ಮನ ಮುಖ ಹೇಗಾಗುತ್ತೋ ಹಾಗೇ ಆಯ್ತು ಅವರ ಮುಖ. ಆಮೇಲೆ ಏನೋ ಹೊಳೆದವರ ಹಾಗೆ ಬೀರು ತೆಗೆದು ಹಳೇ ಬಾಟಲಿಯ ತಳದಲ್ಲಿದ್ದ ಬ್ಲ್ಯಾಕ್‌ಕರಂಟ್ ಶರಬತ್ತಿಗೆ ಬಿಸಿನೀರು ಹಾಕಿ ಕೊಟ್ಟರು. ಮುಂದಿನ ಸಲ ಹೋದಾಗ ಹೊಸ ಬಾಟಲಿ ಇತ್ತು.

ಅವರು ಉಣ್ಣೆ ಗಿರಣಿಯಲ್ಲಿ ಕೆಲಸ ಮಾಡಿದವರು. ಬ್ರಾಡ್‌ಫರ್ಡ್ ಊರೇ ಉಣ್ಣೆಯಿಂದ ಬೆಳೆದದ್ದು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಗಂಟು ತೆಗೆದು, ತಪ್ಪಿದ ಎಳೆ ಎಲ್ಲಿದೆ ಅಂತ ಬೆರಳಲ್ಲೇ ಹುಡುಕಿ, ಸೂಜಿಯಿಂದ ಮತ್ತೆ ನೇಯ್ದು ಗೊತ್ತೇ ಆಗದ ಹಾಗೆ ಕೂಡಿಸೋದು ಅವರ ಕಸುಬು. ಬರ್ಲಿಂಗ್ ಅಂಡ್ ಮೆಂಡಿಂಗ್ ಅಂತಾರೆ. ಹದಿನೈದಕ್ಕೆ ಸೇರಿದವರು ಗಿರಣಿ ಮುಚ್ಚೋವರೆಗೂ ಅದನ್ನೇ ಮಾಡಿದರಂತೆ. ನನ್ನ ಕೋಟಿನ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ "ಇದು ಉಣ್ಣೆ ಅಲ್ಲ ಲವ್, ಆಕ್ರಿಲಿಕ್. ಪಾಪ ನಿಮ್ಮಮ್ಮಂಗೆ ಮೋಸ ಮಾಡಿದ್ದಾರೆ" ಅಂದರು. ಹರಿದಿದ್ದ ಜೇಬನ್ನು ಅಲ್ಲೇ ಕೂತು ಹೊಲಿದರು. ಹೊಲಿಗೆ ಎಲ್ಲಿದೆ ಅಂತ ಇವತ್ತಿಗೂ ನನಗೆ ಕಾಣಲ್ಲ. ಅವರೇ ಹೆಣೆದಿದ್ದ ಬೂದು ಬಣ್ಣದ ಮಫ್ಲರೊಂದನ್ನು ಕತ್ತಿಗೆ ಸುತ್ತಿ ಕಳಿಸಿದರು. "ಗುರುವಾರ ಟೀಗೆ ಬನ್ನಿ" ಅಂದರು. ನಾವು ಟೀ ಕುಡಿಯಲ್ಲ ಅಂತ ಜೊತೆಗಾರ್ತಿ ಮತ್ತೆ ಶುರು ಮಾಡಿದಳು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಯಾರ್ಕ್‌ಷೈರಿನಲ್ಲಿ ಟೀ ಅಂದರೆ ಸಂಜೆಯ ಊಟ, ನೆನಪಿಟ್ಟುಕೋ. ಯಾರಾದರೂ ಟೀಗೆ ಕರೆದರೆ ಊಟಕ್ಕೆ ಕರೀತಿದ್ದಾರೆ.

ಐದು ಗುರುವಾರ ಹೋದ್ವಿ. ಅವರ ಮೆಟ್ಟಿಲ ಮೇಲಿನ ಹಿಮ ತೆಗೆದು ಉಪ್ಪು ಹಾಕಿದ್ವಿ, ಔಷಧಿ ತಂದುಕೊಟ್ವಿ, ನಾನು ಒಂದು ದಿನ ಖಾರ ಕಡಿಮೆ ಹಾಕಿ ಚಿತ್ರಾನ್ನ ಮಾಡಿ ತಗೊಂಡು ಹೋಗಿದ್ದೆ. ನಮ್ಮ ಪಾಠಗಳನ್ನೂ ಅವರು ಕೂತು ಕೇಳಿದರು. ಕೇಳಿ, ಐದನೇ ಗುರುವಾರ ಬಹಳ ಪ್ರೀತಿಯಿಂದಲೇ ಹೇಳಿದರು: "ನಾನು ಹುಟ್ಟಿದ್ದು ಮೆಥೋಡಿಸ್ಟ್ ಚಾಪೆಲ್ಲಿಗೆ, ನನ್ನ ಹೆಣ ಹೊರಡೋದೂ ಅಲ್ಲಿಂದಲೇ. ಆದರೂ ನೀವು ಬರ್ತಾ ಇರಿ." ಬರ್ತೀವಿ, ಮುಂದಿನ ಗುರುವಾರ ಬರ್ತೀವಿ ಅಂದೆ. ಅಂದವಳು ನಾನು.

ಆ ವಾರದ ಪ್ಲಾನಿಂಗ್ ಮಾಡುವಾಗ ನಾನು ಸೀನಿಯರ್ ಕಂಪ್ಯಾನಿಯನ್. ಸಮಯ ಕಡಿಮೆ ಇತ್ತು, ಚರ್ಚಿಗೆ ಬರೋಕೆ ಮನಸ್ಸಿದ್ದ ಎರಡು ಹೊಸ ಮನೆ ಸಿಕ್ಕಿದ್ದವು. ಅಜ್ಜಿಯ ಹೆಸರಿನ ಮೇಲೆ ಗೆರೆ ಎಳೆದೆ. ಹಾಗೆ ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಜೊತೆಗಾರ್ತಿ "ಹೇಳಿಬಂದಿದ್ದೀವಲ್ಲ" ಅಂದಳು, ಆಮೇಲೆ ನೋಡೋಣ ಅಂದೆ. ಗುರುವಾರ ಬರ್ತೀನಿ ಅಂತ ಯಾರಾದರೂ ಅಂದರೆ ನಮ್ಮ ಮನೇಲಿ ಅಮ್ಮ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕ್ತಾರೆ. ಅದನ್ನು ನೋಡಿಕೊಂಡು ಬೆಳೆದವಳು ನಾನು. ಆ ಗುರುವಾರ ಆ ಮೇಜಿನ ಮೇಲೆ ಮೂರು ತಟ್ಟೆ ಇದ್ದಿರಬೇಕು. ಅದರ ಮುಂದಿನ ಗುರುವಾರವೂ ಇದ್ದಿರಬಹುದು.

ಮುಂದಿನ ಟ್ರಾನ್ಸ್‌ಫರಿನಲ್ಲಿ ನನ್ನನ್ನು ಹಲ್‌ಗೆ ಹಾಕಿದರು. ಹೊರಡೋ ದಿನ ಬಸ್ಸಿನ ಕಿಟಕಿಯಿಂದ ಅವರನ್ನು ನೋಡಿದೆ. ಕೈಲಿ ತರಕಾರಿ ಚೀಲ ಹಿಡಿದು ರಸ್ತೆ ದಾಟೋಕೆ ನಿಂತಿದ್ದರು. ನನ್ನ ಕತ್ತಿನ ಮಫ್ಲರಿನಿಂದಲೇ ಗುರುತು ಹಿಡಿದಿರಬೇಕು, ಚೀಲ ಕೆಳಗಿಟ್ಟು ಕೈ ಎತ್ತಿದರು. ನಾನೂ ಎತ್ತಿದೆ. ಬಸ್ಸು ಹೊರಟಿತು. ಪತ್ರ ಬರೆಯಬಹುದಿತ್ತು, ವಿಳಾಸ ನನ್ನ ಹತ್ತಿರ ಇತ್ತು. ಪಿ-ಡೇ ಬರ್ತಿತ್ತು, ಹೋಗ್ತಿತ್ತು.

2016ರಲ್ಲಿ ನರ್ಸಾಗಿ ಮತ್ತೆ ಈ ದೇಶಕ್ಕೆ ಬಂದೆ, ಲ್ಯಾಂಕಷೈರಿನಲ್ಲಿ ಕೆಲಸ. ಮೊದಲ ಸಂಬಳ ಬಂದ ತಿಂಗಳೇ ರಜೆ ಹಾಕಿ ಬ್ರಾಡ್‌ಫರ್ಡಿಗೆ ಹೋದೆ. ಮಫ್ಲರ್ ಹಾಕ್ಕೊಂಡು, ಶರಬತ್ತಿನ ಬಾಟಲಿ ತಗೊಂಡು ಹೋಗಿದ್ದೆ. ಬಾಗಿಲಿಗೆ ಬೇರೆ ಬಣ್ಣ. ಮಗು ಎತ್ತಿಕೊಂಡ ಹೆಂಗಸೊಬ್ಬಳು ತೆಗೆದಳು. ನಾಲ್ಕು ವರ್ಷದ ಹಿಂದೆ ಮನೆ ಕೊಂಡರಂತೆ, ಮೊದಲಿದ್ದವರ ವಿಷಯ ಗೊತ್ತಿಲ್ಲ ಅಂದಳು. ಬಾಟಲಿಯನ್ನು ಆ ಮಗುವಿಗೇ ಕೊಟ್ಟು ಬಂದೆ.

ನಾನೀಗ ಇರೋದು ಪ್ರೆಸ್ಟನ್ ಹತ್ತಿರ. ಅಮೆರಿಕದಿಂದ ಹಡಗಲ್ಲಿ ಬಂದ ನಮ್ಮ ಮೊದಲ ಮಿಷನರಿಗಳು 1837ರ ಜುಲೈ 30ರಂದು ಇಲ್ಲಿನ ರಿಬ್ಬಲ್ ನದಿಯಲ್ಲಿ ಒಂಬತ್ತು ಜನರಿಗೆ ದೀಕ್ಷಾಸ್ನಾನ ಕೊಟ್ಟರು, ಮೊದಲು ಯಾರಿಗೆ ಅಂತ ಇಬ್ಬರು ದಡಕ್ಕೆ ಓಡಿದರು, ನಿನಗೂ ಗೊತ್ತಿರೋ ಕತೆ. ಆಮೇಲೆ ಸಾವಿರಾರು ಜನ ಲಿವರ್‌ಪೂಲಿನಲ್ಲಿ ಹಡಗು ಹತ್ತಿ ಹೋದರು, ಹೆಚ್ಚಿನವರು ಹುಟ್ಟಿದ ಊರನ್ನು ಮತ್ತೆ ಕಾಣಲಿಲ್ಲ. ಡ್ಯೂಟಿ ಇಲ್ಲದ ದಿನ ನದಿ ದಂಡೆಯಲ್ಲಿ ನಡೆಯುವಾಗ ಅವರದ್ದೇ ಯೋಚನೆ ಬರುತ್ತೆ. 2018ರಲ್ಲಿ ಬೆಂಗಳೂರಿಗೆ ನಮ್ಮ ಚರ್ಚಿನ ದೇವಾಲಯ ಅಂತ ಘೋಷಣೆ ಆದ ರಾತ್ರಿ ಅಮ್ಮ ಫೋನಲ್ಲಿ ಅತ್ತರು. ನಾನು ಇಲ್ಲಿ ಅತ್ತೆ. ಪಕ್ಕದಲ್ಲಿ ಅಪ್ಪ "ಯಾಕೆ ಇಬ್ಬರೂ ಅಳ್ತೀರಾ, ಒಳ್ಳೇ ಸುದ್ದಿ ತಾನೇ" ಅಂತಿದ್ದರು.

ಫೋನು ಅಂದಾಗ ನೆನಪಾಯ್ತು. ನಮಗೆ ಮನೆಗೆ ಫೋನ್ ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ನೀನು ಪುಣ್ಯವಂತ. ನಿಮ್ಮಮ್ಮನ ಜೊತೆ ಕನ್ನಡದಲ್ಲೇ ಮಾತಾಡು, ಎಷ್ಟು ಪಾಠ ಮಾಡಿದೆ ಅಂತ ಲೆಕ್ಕ ಒಪ್ಪಿಸಬೇಡ. ಏನು ತಿಂದೆ, ಎಲ್ಲಿ ಜಾರಿ ಬಿದ್ದೆ, ಅದನ್ನು ಹೇಳು. ಅವರಿಗೆ ಬೇಕಾಗಿರೋದು ಅದು.

ನೀವು ಹುಡುಗರು ಒಂಟಿ ಹೆಂಗಸರ ಮನೆಯೊಳಗೆ ಹೋಗುವಂತಿಲ್ಲ, ನಿಯಮ ನಿನಗೆ ಹೇಳಿಕೊಡ್ತಾರೆ. ಮೆಟ್ಟಿಲ ಹಿಮ ತೆಗೆಯೋಕೆ ಒಳಗೆ ಹೋಗಬೇಕಾಗಿಲ್ಲ. ನಿನ್ನ ಗ್ರಂಥ ಬೇಡ ಅಂದವರ ಮೆಟ್ಟಿಲನ್ನೂ ತೆಗಿ. ಮತ್ತೆ ಬರ್ತೀನಿ ಅಂತ ಸುಮ್ಮನೆ ಅನ್ನಬೇಡ. ಅಂದಿದ್ದರೆ, ಟ್ರಾನ್ಸ್‌ಫರ್ ಆಗಲಿ, ಇನ್ನೇನಾಗಲಿ, ಬಾಗಿಲ ಹತ್ತಿರ ನಿಂತು ಹೇಳಿಯಾದರೂ ಹೋಗು.

ಕೋಟು ಕೊಳ್ಳೋಕೆ ನಿಮ್ಮಮ್ಮನ ಜೊತೆ ಹೋಗ್ತೀಯಲ್ಲ, ಅಂಗಡಿಯವನ ಮಾತು ಕೇಳಬೇಡಿ. ಒಳಗೆ ಹೊಲಿದಿರೋ ಚೀಟಿಯ ಫೋಟೊ ತೆಗೆದು ನನಗೆ ಕಳಿಸು. ದುಡ್ಡು ಕೊಡೋ ಮುಂಚೆ ಕಳಿಸು, ನೋಡಿ ಹೇಳ್ತೀನಿ.

ನಿನ್ನ ಅಕ್ಕ