ಅಡುಗೆಮನೆಯ ಚಾಕು ಸಾಕು

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನರ್ಸ್ ಆಗಿರುವ, ಧಾರವಾಡ ಮೂಲದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: ಕಳೆದ ವರ್ಷ ತಂದೆ ತೀರಿಕೊಂಡಾಗ ಅವರಿಗೆ ಊರಿಗೆ ಬರಲಾಗಲಿಲ್ಲ. ಅಕ್ಟೋಬರ್ 31ರ ರಾತ್ರಿ ಸಹೋದ್ಯೋಗಿಯೊಬ್ಬರು ತಮ್ಮ ಹಿತ್ತಲಿಗೆ ಕರೆದರು. ಅವರು ವಿಕ್ಕಾ ಪಂಥದವರು, ಎಂದರೆ ಆಧುನಿಕ ವಿಚ್‌ಕ್ರಾಫ್ಟ್ ಅನುಸರಿಸುವವರು. ಅಲ್ಲಿ ತಂದೆಯ ಹೆಸರು ಹೇಳಿ ಒಂದು ಮೇಣದಬತ್ತಿ ಹಚ್ಚಿದಾಗ ತಿಂಗಳುಗಟ್ಟಲೆ ಬಾರದಿದ್ದ ಅಳು ಬಂತು. ಆ ದಾರಿಯಲ್ಲಿ ಮುಂದೆ ಹೋಗುವ ಮನಸ್ಸಾಗಿದೆ. ಆದರೆ ಅಂತರ್ಜಾಲದಲ್ಲಿ ಸಿಕ್ಕ ‘ಮೊದಲು ಕೊಳ್ಳಬೇಕಾದ ವಸ್ತುಗಳ’ ಪಟ್ಟಿಯ ಮೊತ್ತ 180 ಪೌಂಡ್ ದಾಟುತ್ತದೆ. ಬಾಡಿಗೆ ಕಳೆದು ಉಳಿದ ಸಂಬಳ ಊರಿಗೆ ಹೋಗುತ್ತದೆ. ಹಣವಿಲ್ಲದೆ ಇದನ್ನು ಮಾಡಬಹುದೇ? ಇದು ಎಪ್ಪತ್ತು ವರ್ಷಗಳ ಹಿಂದೆ ಕಟ್ಟಿದ್ದಂತೆ, ಹಾಗಾದರೆ ಸುಳ್ಳೇ? ಅಮ್ಮನಿಗೆ ಹೇಳಿದಾಗ “ಮಾಟ ಕಲಿಯಲಿಕ್ಕೆ ಅಷ್ಟು ದೂರ ಹೋದೆಯಾ?” ಎಂದು ಫೋನ್ ಇಟ್ಟುಬಿಟ್ಟರು, ಅವರಿಗೆ ಏನು ಹೇಳಲಿ?

ಪ್ರಿಯ ಸಹೋದರಿ,

ನಿಮ್ಮ ತಂದೆಯವರ ವಿಷಯ ಓದಿ ಮನಸ್ಸು ಭಾರವಾಯಿತು. ದೂರದಲ್ಲಿದ್ದು ಮಣ್ಣಿಗೂ ಬರಲಾಗದ ದುಃಖ ಎಂಥದೆಂದು ನನಗೆ ಗೊತ್ತು. ನನ್ನ ಮನೆಯಲ್ಲೂ ಅದು ಆಗಿದೆ. ಆ ಹಿತ್ತಲಿನಲ್ಲಿ ಬಂದ ಅಳುವಿಗೆ ನಾನು ಕೈಮುಗಿಯುತ್ತೇನೆ. ಅದು ಯಾವ ಪಂಥದ ಹೆಸರಿನಲ್ಲಿ ಬಂದರೂ ನಿಮ್ಮದೇ.

ನೀವು ಹೋಗಿದ್ದ ಆಚರಣೆಯ ಹೆಸರು ಸಾವಿನ್. ಕನ್ನಡದ ಕಿವಿಗೆ ಸಾವಿನ ಮಾತೇ ಎನಿಸುತ್ತದೆ. ಅದು ಐರಿಷ್ ಪದ, ಎರಡಕ್ಕೂ ನಂಟಿಲ್ಲ. ಆದರೂ ಸತ್ತವರನ್ನು ನೆನೆಯುವ ರಾತ್ರಿಗೆ ಆ ಹೆಸರಿರುವುದನ್ನು ಕಂಡು ಪತ್ರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಮಾಡಬಹುದು. ಆ 180 ಪೌಂಡ್‌ಗೆ ಕೈಹಾಕಬೇಡಿ. ಈ ಮಾತಿಗೆ ವಿಕ್ಕಾದ ಒಳಗಿನಿಂದಲೇ ಆಧಾರ ಕೊಡುತ್ತೇನೆ.

ವಿಕ್ಕಾವನ್ನು ಲೋಕದ ಮುಂದೆ ತಂದ ಜೆರಾಲ್ಡ್ ಗಾರ್ಡ್ನರ್ ಎಂಬವರು ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತಿಯ ನಂತರ ಇಂಗ್ಲೆಂಡಿಗೆ ಮರಳಿದವರು. 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಂಪು ತಮಗೆ ದೀಕ್ಷೆ ಕೊಟ್ಟಿತೆಂದು ಅವರು ಹೇಳುತ್ತಿದ್ದರು. 1735ರ ವಿಚ್‌ಕ್ರಾಫ್ಟ್ ಕಾಯ್ದೆ 1951ರಲ್ಲಿ ರದ್ದಾದ ಮೇಲೆ ಅವರು ಬಹಿರಂಗವಾಗಿ ಬರೆದರು, ಪತ್ರಕರ್ತರನ್ನು ಕರೆದು ಮಾತನಾಡಿದರು. ಆ ಪ್ರಚಾರ ಅವರ ಗುಂಪಿನ ಹಲವರಿಗೆ ಹಿಡಿಸಲಿಲ್ಲ. 1957ರಲ್ಲಿ ಜಗಳ ಮುಗಿಲಿಗೇರಿದಾಗ ಗಾರ್ಡ್ನರ್ ‘ಹಳೆಯ ಕಟ್ಟಳೆಗಳು’ ಎಂಬ ಬರಹವೊಂದನ್ನು ಹೊರತೆಗೆದರು. ಅದು ಅಷ್ಟು ಹಳೆಯದೆಂದು ಡೊರೀನ್ ವ್ಯಾಲಿಯಂಟೆ ನಂಬಲಿಲ್ಲ. 1953ರಲ್ಲಿ ದೀಕ್ಷೆ ಪಡೆದಿದ್ದ, ಪಂಥದ ಎಷ್ಟೋ ಪ್ರಾರ್ಥನೆಗಳಿಗೆ ಇಂದಿನ ರೂಪ ಕೊಟ್ಟಿದ್ದ ಆಕೆ ಗುಂಪನ್ನೇ ಬಿಟ್ಟು ಹೊರಟರು. ಆಕೆಯ ಅನುಮಾನ ಸರಿಯೆಂದೇ ನನಗೂ ತೋರುತ್ತದೆ.

ಆದರೆ ಆ ಕಟ್ಟಳೆಗಳಲ್ಲಿ ಸಾಧನಗಳ ಬಗ್ಗೆ ಏನಿದೆ ನೋಡಿ. ನಿಮ್ಮ ಸಾಧನಗಳು ಯಾರ ಮನೆಯಲ್ಲಾದರೂ ಇರಬಹುದಾದ ಸಾಮಾನ್ಯ ವಸ್ತುಗಳಾಗಿರಲಿ. ಪೆಂಟಕಲ್ ಎಂಬ ಚಿಹ್ನೆಯ ತಟ್ಟೆಯನ್ನು ಮೇಣದಲ್ಲಿ ಮಾಡಿ, ಬೇಕಾದಾಗ ಮುರಿದುಬಿಡಬಹುದು. ಯಾವುದರ ಮೇಲೂ ಹೆಸರು, ಗುರುತು ಕೆತ್ತಬೇಡಿ, ಶಾಯಿಯಲ್ಲಿ ಬರೆದು ವಿಧಿ ಮುಗಿದ ಕೂಡಲೇ ತೊಳೆಯಿರಿ. ಸಿಕ್ಕಿಬೀಳುವ ಭಯದಲ್ಲಿ ಬಾಳಿದವರ ಮಾತೆಂಬಂತೆ ಇದನ್ನು ಬರೆದಿದ್ದಾರೆ. ಬರೆದವರು ಯಾರೇ ಇರಲಿ, ಕರಿ ಹಿಡಿಯ ಅಡುಗೆ ಚಾಕು, ನೀರು ಕುಡಿಯುವ ಲೋಟ, ಒಂದು ಕಡ್ಡಿ, ಒಂದು ತಟ್ಟೆ, ಇಂಥ ಮನೆಯ ವಸ್ತುಗಳಲ್ಲೇ ಕೆಲಸ ನಡೆಯಬೇಕೆಂಬುದು ಈ ಪಂಥದ ಮೂಲ ಬರಹದಲ್ಲೇ ಇದೆ. ನೂರು ಪೌಂಡಿನ ಬೆಳ್ಳಿಯ ಕತ್ತಿ ಮಾರುವವರು ಈ ಸಾಲುಗಳನ್ನು ನಿಮಗೆ ಓದಿ ಹೇಳುವುದಿಲ್ಲ. ದೀಕ್ಷೆಗೆ ಹಣ ಪಡೆಯಬಾರದೆಂಬ ನಿಯಮವನ್ನು ಗಾರ್ಡ್ನರ್ ಪರಂಪರೆಯವರು ಇಂದಿಗೂ ಪಾಲಿಸುತ್ತಾರೆ.

ಡೊರೀನ್ ವ್ಯಾಲಿಯಂಟೆ ಬಹುಕಾಲ ಬ್ರೈಟನ್ ನಗರದಲ್ಲಿ, ನಗರಸಭೆ ಕಟ್ಟಿಸಿದ ಬಹುಮಹಡಿ ವಸತಿಯ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದರು. 1999ರಲ್ಲಿ ತೀರಿಕೊಂಡರು. 2013ರಲ್ಲಿ ಆ ಕಟ್ಟಡಕ್ಕೆ ಸ್ಮರಣೆಯ ನೀಲಿ ಫಲಕ ಹಾಕಿದರು. ಆಧುನಿಕ ವಿಚ್‌ಕ್ರಾಫ್ಟಿನ ತಾಯಿ ಎಂದು ಜನ ಕರೆಯುವ ಹೆಂಗಸು ಬಾಳಿದ್ದು ಅಂಥ ಮನೆಯಲ್ಲಿ. ಗುಂಪು, ಗುರು ಸಿಗದವರು ತಮಗೆ ತಾವೇ ದೀಕ್ಷೆ ಕೊಟ್ಟುಕೊಳ್ಳುವ ಕ್ರಮವನ್ನು 1978ರಲ್ಲಿ ಪ್ರಕಟಿಸಿದವರೂ ಆಕೆಯೇ. ಲೀಡ್ಸ್‌ನ ನಿಮ್ಮ ಬಾಡಿಗೆ ಕೋಣೆ ಸಣ್ಣದೆಂದು ಹಿಂಜರಿಯಬೇಡಿ.

ಇನ್ನೂ ಹಿಂದಕ್ಕೆ ಹೋದರೂ ಇದೇ ಮಾತು. 2004ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ನೆಲ ಅಗೆದಾಗ ಹದಿನೇಳನೆಯ ಶತಮಾನದ ಒಂದು ಕಲ್ಲುಮಣ್ಣಿನ ಜಾಡಿ, ಬಾಯಿ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿತು. ತಮಗೆ ಯಾರೋ ಮಾಟ ಮಾಡಿದ್ದಾರೆಂದು ಹೆದರಿದವರು ರಕ್ಷಣೆಗಾಗಿ ಹೂಳುತ್ತಿದ್ದ ಜಾಡಿ ಅದು. ಒಳಗೆ ಇದ್ದದ್ದು ಬಗ್ಗಿದ ಮೊಳೆಗಳು, ಹಿತ್ತಾಳೆಯ ಗುಂಡುಸೂಜಿಗಳು, ಕೂದಲು, ಉಗುರಿನ ಚೂರು, ಮೂತ್ರ, ಗಂಧಕ, ಮೊಳೆ ಚುಚ್ಚಿದ ಹೃದಯಾಕಾರದ ಚರ್ಮದ ತುಂಡು. ಒಂದು ಮನೆಯ ಮೂಲೆಮೂಲೆಯಲ್ಲಿ ಕೈಗೆ ಸಿಕ್ಕಿದ್ದಷ್ಟೇ. ಇಂಥದನ್ನು ನೀವು ಮಾಡಿ ಎನ್ನುತ್ತಿಲ್ಲ. ಭಯದಿಂದ ಮಾಡಿದ ಕೆಲಸ ಅದು, ನಿಮ್ಮದು ಹಾಗಾಗಬಾರದು. ಅದರ ಬೆಲೆ ಮಾತ್ರ ಗಮನಿಸಿ.

ಹಾಗಾದರೆ ಮೇಜಿನ ಮೇಲೆ ಏನಿಡಬೇಕು? ಒಂದು ಬಟ್ಟಲು ಉಪ್ಪು, ಒಂದು ಲೋಟ ನೀರು, ಒಂದು ಮೇಣದಬತ್ತಿ, ಒಂದು ಊದುಬತ್ತಿ. ಉಪ್ಪು ಭೂಮಿಗೆ, ಉತ್ತರದಲ್ಲಿ, ಹೊಗೆ ಗಾಳಿಗೆ, ಪೂರ್ವದಲ್ಲಿ, ಜ್ವಾಲೆ ದಕ್ಷಿಣಕ್ಕೆ, ನೀರು ಪಶ್ಚಿಮಕ್ಕೆ. ಉಪ್ಪನ್ನು ನೀರಿಗೆ ಬೆರೆಸಿ ಸುತ್ತಲೂ ಚಿಮುಕಿಸಿ, ಬಲಸುತ್ತಿನಲ್ಲಿ ನಡೆಯುತ್ತ ವೃತ್ತ ಕಟ್ಟುವುದು ವಿಕ್ಕಾದ ಮೊದಲ ಪಾಠ. ಆ ವೃತ್ತದ ಗೆರೆ ತೋರಲು ಚಾಕು ಇಲ್ಲದಿದ್ದರೆ ತೋರುಬೆರಳು ಸಾಕು. ವಿಧಿಗಳನ್ನು ಬರೆದಿಡುವ, ‘ಬುಕ್ ಆಫ್ ಶ್ಯಾಡೋಸ್’ ಎಂದು ಅವರು ಕರೆಯುವ ಪುಸ್ತಕಕ್ಕೆ ಚರ್ಮದ ಹೊದಿಕೆ ಬೇಕಿಲ್ಲ, ಶಾಲೆಯ ಮಕ್ಕಳು ಬರೆಯುವ ನೋಟುಬುಕ್ಕಿನಲ್ಲಿ ಬರೆಯಿರಿ. ಊದುಬತ್ತಿ ನಿಮ್ಮಲ್ಲಿ ಆಗಲೇ ಇದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಬ್ರಿಟನ್ನಿನಲ್ಲಿ ಈ ದಾರಿಯಲ್ಲಿರುವ ಎಷ್ಟೋ ಜನ ಹಚ್ಚುವುದು ನಮ್ಮ ಮೈಸೂರು, ಬೆಂಗಳೂರುಗಳಿಂದ ಹೋದ ಕಡ್ಡಿಗಳನ್ನೇ.

ಆದರೆ ನಾನು ನಿಮಗೆ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಬೆಳಕಿನ ಬಗ್ಗೆ. ಧಾರವಾಡದಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಕೆಳಗಿಳಿಯುವುದಿಲ್ಲ. ಲೀಡ್ಸ್‌ನಲ್ಲಿ ಡಿಸೆಂಬರ್ 21ರ ಹಗಲು ಸುಮಾರು ಏಳೂವರೆ ಗಂಟೆ, ಜೂನ್ 21ರದು ಸುಮಾರು ಹದಿನೇಳು ಗಂಟೆ. ರಾತ್ರಿ ಪಾಳಿ ಮಾಡುವ ನೀವು ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನನ್ನೇ ನೋಡುವುದಿಲ್ಲವೆಂದು ಬರೆದಿದ್ದೀರಿ. ವಿಕ್ಕಾದ ಎಂಟು ಹಬ್ಬಗಳ ವರ್ಷಚಕ್ರ ಈ ಏರಿಳಿತದ ಮೇಲೆಯೇ ನಿಂತಿದೆ: ಎರಡು ಅಯನ ದಿನಗಳು, ಹಗಲಿರುಳು ಸಮವಾಗುವ ಎರಡು ದಿನಗಳು, ನಡುನಡುವೆ ಫೆಬ್ರವರಿ 1, ಮೇ 1, ಆಗಸ್ಟ್ 1 ಮತ್ತು ಅಕ್ಟೋಬರ್ 31. ಯೂಲ್ ಎಂಬ ಡಿಸೆಂಬರಿನ ಹಬ್ಬದಂದು ಜನ ಏಕೆ ದೀಪ ಹಚ್ಚುತ್ತಾರೆಂಬುದು ಅಲ್ಲಿನ ಕತ್ತಲನ್ನು ಮೈಯಲ್ಲಿ ಅನುಭವಿಸಿದವರಿಗೆ ಮಾತ್ರ ಪೂರ್ತಿ ತಿಳಿಯುತ್ತದೆ. ನಿಮಗೆ ತಿಳಿಯುತ್ತದೆ. ಆದ್ದರಿಂದ ಒಂದು ವರ್ಷ ಏನನ್ನೂ ಕೊಳ್ಳದೆ, ಎಂಟು ದಿನಗಳಲ್ಲೂ ಪಾಳಿಯ ಮೊದಲೋ ನಂತರವೋ ಅರ್ಧ ಗಂಟೆ ಹೊರಗೆ ನಡೆಯಿರಿ. ಯಾವ ಮರ ಚಿಗುರಿತು, ಯಾವ ಹಕ್ಕಿ ಕೂಗಿತು, ಎಷ್ಟು ಹೊತ್ತಿಗೆ ಕತ್ತಲಾಯಿತು ಎಂದು ನೋಟುಬುಕ್ಕಿನಲ್ಲಿ ಬರೆಯಿರಿ. ಹುಣ್ಣಿಮೆಗಳನ್ನೂ ಗುರುತು ಹಾಕಿ. ಯಾವ ಅಂಗಡಿಯೂ ಮಾರಲಾಗದ ವಸ್ತು ಇದು.

ಅಂಗಡಿಗಳ ಪಟ್ಟಿಯಲ್ಲಿರುವ, ಹೊಗೆಗಾಗಿ ಸುಡುವ ಬಿಳಿ ಸೇಜ್ ಸೊಪ್ಪಿನ ಕಟ್ಟನ್ನು ಖಂಡಿತ ಕೊಳ್ಳಬೇಡಿ. ಅದು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಅಂಚಿನ ಗಿಡ. ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದದ್ದು. ಮಾರುಕಟ್ಟೆಗಾಗಿ ಕಾಡಿನಿಂದ ಕದ್ದು ಕೊಯ್ಯುತ್ತಿದ್ದಾರೆ. 2018ರಲ್ಲಿ ಒಂದು ಸೌಂದರ್ಯವರ್ಧಕ ಕಂಪನಿ ಆ ಸೊಪ್ಪು, ಭವಿಷ್ಯ ನೋಡುವ ಟ್ಯಾರೋ ಕಾರ್ಡು, ಗುಲಾಬಿ ಸ್ಫಟಿಕ, ಸುಗಂಧಗಳನ್ನು ಪೆಟ್ಟಿಗೆಗೆ ತುಂಬಿ ‘ಹೊಸ ವಿಚ್‌ಗಳಿಗಾಗಿ’ 42 ಡಾಲರಿಗೆ ಮಾರಲು ಹೊರಟಾಗ, ಮೊದಲು ಸಿಟ್ಟಾದವರಲ್ಲಿ ವಿಚ್‌ಗಳೂ ಇದ್ದರು, ಮೂಲನಿವಾಸಿಗಳೂ ಇದ್ದರು. ಪೆಟ್ಟಿಗೆ ಮಾರಾಟಕ್ಕೆ ಬರಲಿಲ್ಲ. ಹೊಗೆಗೆ ಸೊಪ್ಪೇ ಬೇಕೆನಿಸಿದರೆ ರೋಸ್‌ಮೆರಿ ಇದೆ, ಅಲ್ಲಿ ಎಷ್ಟೋ ಮನೆಗಳ ಕೈತೋಟದಲ್ಲಿ ಬೆಳೆಯುತ್ತದೆ. ಮನೆಯವರನ್ನು ಕೇಳಿ ಒಂದು ರೆಂಬೆ ಮುರಿದುಕೊಳ್ಳಿ. ಸ್ಫಟಿಕದ ಬದಲು ಹೊಳೆಯ ದಡದ ಒಂದು ಕಲ್ಲು. ಕಾರ್ಡು ನೋಡುವ ಆಸೆಯಿದ್ದರೆ ಮಾಮೂಲಿ ಇಸ್ಪೀಟ್ ಎಲೆಗಳಲ್ಲೇ ಶತಮಾನಗಳಿಂದ ನೋಡಿದ್ದಾರೆ.

ಎರಡು ಎಚ್ಚರಿಕೆ. ಇಂಗ್ಲೆಂಡಿನಲ್ಲಿ ಮಡಚಲಾಗದ ಚಾಕುವನ್ನು ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಜಾಗಕ್ಕೆ ಒಯ್ಯುವುದು ಅಪರಾಧ. ಪಾರ್ಕಿಗೆ ಹೋಗುವಾಗ ಅದು ಅಡುಗೆಮನೆಯಲ್ಲೇ ಇರಲಿ. ಗಿಡವನ್ನು ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಬೇರುಸಹಿತ ಕೀಳಬಾರದು. ಔಷಧದ ಬದಲು ಗಿಡಮೂಲಿಕೆ ಎಂಬ ಮಾತನ್ನು ನರ್ಸ್ ಆದ ನಿಮಗೆ ನಾನು ಹೇಳಬೇಕಿಲ್ಲ.

ಇದು ಹೊಸದು, ಆದ್ದರಿಂದ ಸುಳ್ಳೇ ಎಂದು ಕೇಳಿದ್ದೀರಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟ್ಟನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ವಿಕ್ಕಾ ಶಿಲಾಯುಗದಿಂದ ಮುರಿಯದೆ ಬಂದ ಧರ್ಮ ಎಂಬ ಮಾತನ್ನು ಗಂಭೀರವಾಗಿ ಹೇಳುವವರು ಕಡಿಮೆ. ಅದು ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, ಹಳೆಯ ಚೂರುಗಳನ್ನು ಸೇರಿಸಿ ಹೊಲಿದ ಕೌದಿ. ಕೌದಿ ಹೊಸದಾದರೆ ಚಳಿ ತಡೆಯುವುದಿಲ್ಲವೇ? ವಯಸ್ಸು ಕಡಿಮೆಯೆಂದು ಒಂದು ಪ್ರಾರ್ಥನೆಯನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಹಳೆಯದೆಂದು ಸುಳ್ಳು ಹೇಳಿ ಹಣ ಕೇಳಿದರೆ ಮಾತ್ರ ಅಲ್ಲಿಂದ ಎದ್ದುಬನ್ನಿ. ನಿಮಗೆ ಶಾಪ ತಟ್ಟಿದೆ, ಇಷ್ಟು ಕೊಟ್ಟರೆ ತೆಗೆಯುತ್ತೇನೆ ಎಂದರೆ ಅಲ್ಲಿ ಕ್ಷಣವೂ ನಿಲ್ಲಬೇಡಿ. ವಿಚ್‌ಕ್ರಾಫ್ಟ್ ಕಾಯ್ದೆಯನ್ನು ತೆಗೆದುಹಾಕಿದ 1951ರ ಆ ಕಾನೂನೇ, ಅಲೌಕಿಕ ಶಕ್ತಿಯ ಹೆಸರಿನಲ್ಲಿ ಮೋಸ ಮಾಡಿ ಹಣ ಪಡೆಯುವವರಿಗೆ ಶಿಕ್ಷೆ ವಿಧಿಸಿತ್ತು. ಆ ಗೆರೆ ನನಗೆ ಇವತ್ತಿಗೂ ಸರಿಯೆನಿಸುತ್ತದೆ.

ಇನ್ನು ಅಮ್ಮ. ಅವರು ಫೋನ್ ಇಟ್ಟದ್ದನ್ನು ತಪ್ಪೆಂದು ಎಣಿಸಬೇಡಿ. ನಾನು ವರದಿಗಾರ್ತಿಯಾಗಿದ್ದ ಮೊದಲ ವರ್ಷಗಳಲ್ಲಿ ಒಂದು ಊರಿಗೆ ಹೋಗಿದ್ದೆ. ಅಲ್ಲೊಬ್ಬ ಒಂಟಿ ಮುದುಕಿಯ ಬಾವಿಗೆ ಯಾರೂ ಬರುತ್ತಿರಲಿಲ್ಲ, ಆಕೆಯ ನೆರಳು ಕಂಡರೆ ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಪಕ್ಕದ ಮನೆಯ ಎಮ್ಮೆ ಸತ್ತದ್ದಕ್ಕೆ ಆಕೆಯ ಮೇಲೆ ಮಾಟದ ಆರೋಪ. “ನನ್ನ ಹೆಸರು ನಾನೇ ಮರೆತೆ ತಾಯಿ, ಎಲ್ಲರೂ ಮಾಟಗಾತಿ ಅನ್ನುತ್ತಾರೆ” ಎಂದು ಆಕೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹೆಂಗಸರನ್ನು ಮಾಟಗಾತಿಯೆಂದು ಕರೆದು ಹಿಂಸಿಸುವುದರ ವಿರುದ್ಧ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಕಾನೂನು ಮಾಡಬೇಕಾಯಿತು. ವಾಮಾಚಾರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕ 2017ರಲ್ಲಿ ಅಂಗೀಕರಿಸಿದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಇಂಗ್ಲೆಂಡಿನ ಹೆಣ್ಣುಮಗಳೊಬ್ಬಳು ತನ್ನನ್ನು ತಾನು ವಿಚ್ ಎಂದು ಕರೆದುಕೊಳ್ಳುವಾಗ, ಹಿಂದೆ ನೇಣಿಗೆ ಹೋದವರ ಹೆಸರನ್ನು ಎತ್ತಿ ಹಿಡಿಯುತ್ತಿದ್ದೇನೆಂಬ ಭಾವವಿರುತ್ತದೆ. ನಮ್ಮಲ್ಲಿ ಆ ಮಾತನ್ನು ಇನ್ನೂ ಕಲ್ಲಿನಂತೆ ಎಸೆಯುತ್ತಾರೆ. ವಿಚ್ ಎಂಬುದನ್ನು ಮಾಟಗಾತಿ ಎಂದು ಅನುವಾದಿಸಿ ಅಮ್ಮನ ಮುಂದಿಟ್ಟರೆ ಅವರಿಗೆ ಕಾಣುವುದು ನಮ್ಮ ಆ ಮುದುಕಿ, ಆಕೆಯ ಬಾವಿ, ನಿಮ್ಮ ಮೇಲೆ ಬೀಳಬಹುದಾದ ಕಲ್ಲು.

ಆದ್ದರಿಂದ ಹೆಸರನ್ನು ಹೇಳಬೇಡಿ, ಮಾಡಿದ್ದನ್ನು ಹೇಳಿ. ಅಪ್ಪನ ಹೆಸರು ಹೇಳಿ ದೀಪ ಹಚ್ಚಿದೆ, ಅಳು ಬಂತು, ಅಲ್ಲಿದ್ದವರು ನನ್ನ ಬೆನ್ನು ಸವರಿದರು ಎಂದು ಹೇಳಿ. ಯಾರಿಗೂ ಕೇಡು ಮಾಡಬಾರದೆಂಬುದೇ ಆ ಜನರ ಮುಖ್ಯ ನಿಯಮ ಎಂದೂ ತಿಳಿಸಿ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದುದನ್ನು ನೀವೇ ಪತ್ರದಲ್ಲಿ ನೆನೆದಿದ್ದೀರಿ. ಅದನ್ನು ವಿಕ್ಕಾ ಎಂದು ಕರೆಯುವ ಅಗತ್ಯವಿಲ್ಲ, ಅಜ್ಜಿಯದು ಅಜ್ಜಿಯದಾಗಿಯೇ ಇರಲಿ. ಆದರೆ ಆ ಉಪ್ಪಿನ ಬಟ್ಟಲಿನ ಮಾತು ತೆಗೆದರೆ ಅಮ್ಮನಿಗೆ ದಾರಿ ಸುಲಭವಾಗಿ ಸಿಕ್ಕೀತು. ವರ್ಷಾಬ್ದಿಕಕ್ಕೆ ಊರಿಗೆ ಬರಲಾದರೆ ಬನ್ನಿ. ಆಗದಿದ್ದರೆ ಊರಿನಲ್ಲಿ ಪೂಜೆ ನಡೆಯುವ ಹೊತ್ತಿಗೆ ನೀವು ಲೀಡ್ಸ್‌ನಲ್ಲಿ ಮೇಣದಬತ್ತಿ ಹಚ್ಚುತ್ತೀರೆಂದು ಮೊದಲೇ ಅಮ್ಮನಿಗೆ ತಿಳಿಸಿಡಿ. ಗಡಿಯಾರದ ಲೆಕ್ಕ ಅವರೇ ಕೇಳುತ್ತಾರೆ.

ಫೆಬ್ರವರಿ ಮೊದಲ ವಾರ ನಿಮ್ಮಲ್ಲಿ ಸ್ನೋಡ್ರಾಪ್ ಹೂಗಳು ಬಿಡುತ್ತವೆ, ಹಿಮದ ನಡುವೆಯೂ ತಲೆಯೆತ್ತುವ ಸಣ್ಣ ಬಿಳಿ ಹೂಗಳು. ಮೊದಲನೆಯದು ಎಲ್ಲಿ ಕಂಡಿತೆಂದು ನೋಟುಬುಕ್ಕಿನಲ್ಲಿ ಬರೆದ ಮೇಲೆ ನನಗೂ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ಸಂಪಾದಕಿ