ಹಿಮದಡಿಯ ಉಪವಾಸ

ಪ್ರಶ್ನೆ: ಅಂಟಾರ್ಕ್ಟಿಕಾದ ಸಮುದ್ರವು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ತಿಂಗಳುಗಟ್ಟಲೆ ಕತ್ತಲಲ್ಲಿರುತ್ತದೆ ಎಂದು ಓದಿದ್ದೇನೆ. ಆಗ ಕಡಲ ತಳದಲ್ಲಿರುವ ಪ್ರಾಣಿಗಳು ಏನನ್ನು ತಿನ್ನುತ್ತವೆ? ಅವೂ ಕರಡಿಯಂತೆ ಚಳಿಗೆ ನಿದ್ದೆ ಹೋಗುತ್ತವೆಯೇ?
– ಓದುಗರೊಬ್ಬರು, ಕುಮಟಾ

ಉತ್ತರ: ನಿದ್ದೆ ಎನ್ನುವುದಕ್ಕಿಂತ ಉಪವಾಸ ಎನ್ನುವುದು ಸರಿ, ಆದರೆ ಎಲ್ಲ ಪ್ರಾಣಿಗಳೂ ಉಪವಾಸ ಮಾಡುವುದಿಲ್ಲ, ಮಾಡುವವೂ ಒಂದೇ ಅವಧಿಗೆ ಮಾಡುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಚಳಿಯೂ ಅಲ್ಲ. ಅಲ್ಲಿನ ನೀರಿನ ಉಷ್ಣತೆ ಚಳಿಗಾಲದಲ್ಲಿ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದು, ಬೇಸಿಗೆಯಲ್ಲಿ ಏರುವುದು ಎರಡು-ಮೂರು ಡಿಗ್ರಿ ಮಾತ್ರ. ನಿಜವಾಗಿ ಬದಲಾಗುವುದು ಬೆಳಕು. ನಮ್ಮಲ್ಲಿ ಮಳೆ ಹಿಡಿಯುವ ಜೂನ್-ಜುಲೈ ತಿಂಗಳುಗಳಲ್ಲಿ ಅಲ್ಲಿ ನಡುಚಳಿಗಾಲ. ಬೆಳಕಿಲ್ಲದೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು ಬೆಳೆಯುವುದಿಲ್ಲ, ಅವು ಬೆಳೆಯದಿದ್ದರೆ ಮೇಲಿನಿಂದ ತಳಕ್ಕೆ ಬೀಳುವ ಆಹಾರವೂ ನಿಲ್ಲುತ್ತದೆ.

ಉಪವಾಸದಲ್ಲಿ ಎತ್ತಿದ ಕೈ ಎಂದರೆ ಮೈತುಂಬ ಮುಳ್ಳಿರುವ, ಚೆಂಡಿನಾಕಾರದ ಸೀ ಅರ್ಚಿನ್. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಕ್ಕದ ಅಡಿಲೇಡ್ ದ್ವೀಪದಲ್ಲಿ ಬ್ರಿಟನ್ನಿನ ರಾಥೆರಾ ಸಂಶೋಧನಾ ಕೇಂದ್ರವಿದೆ. ಅದರ ಬಳಿಯ ಕಡಲಿನಲ್ಲಿ ನಡೆದ ಅಧ್ಯಯನದಲ್ಲಿ, ಸ್ಟೆರೆಕೈನಸ್ ಎಂಬ ಕುಲದ ಅರ್ಚಿನ್‌ಗಳು ಏಳು ತಿಂಗಳವರೆಗೂ ಏನನ್ನೂ ತಿನ್ನದೆ ಇದ್ದುದು ಕಂಡುಬಂತು. ಆ ಅವಧಿಯಲ್ಲಿ ಅವು ಮೈಯಲ್ಲಿ ಕೂಡಿಟ್ಟುಕೊಂಡದ್ದನ್ನೇ ಕರಗಿಸಿಕೊಂಡು, ಉಸಿರಾಟವನ್ನು ತೀರ ತಗ್ಗಿಸಿಕೊಂಡು ಬದುಕುತ್ತವೆ. ಬೇಸಿಗೆಯಲ್ಲಿ ಅವುಗಳ ಉಸಿರಾಟ ಮತ್ತೆ ಚುರುಕಾದಾಗ, ಆ ಏರಿಕೆಯಲ್ಲಿ ನೀರು ಬೆಚ್ಚಗಾದದ್ದರ ಪಾಲು ಐದರಲ್ಲಿ ಒಂದರಷ್ಟೂ ಇರಲಿಲ್ಲವೆಂದೂ, ಉಳಿದದ್ದೆಲ್ಲ ತಿನ್ನುವುದು, ಬೆಳೆಯುವುದು, ಸಂತಾನೋತ್ಪತ್ತಿ ಇವುಗಳಿಂದಲೇ ಬಂದದ್ದೆಂದೂ ಸಂಶೋಧಕರು ಲೆಕ್ಕ ಹಾಕಿದರು. ತಾವು ಹೇಳಿದ ಕರಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಕರಡಿ ನಿದ್ದೆಯಲ್ಲಿ ತನ್ನ ಮೈಬಿಸಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅರ್ಚಿನ್‌ಗೆ ತಗ್ಗಿಸಿಕೊಳ್ಳಲು ಮೈಬಿಸಿಯೇ ಇಲ್ಲ.

ತಳಕ್ಕೆ ಅಂಟಿಕೊಂಡು, ನೀರನ್ನು ಸೋಸಿ ತಿನ್ನುವ ಪ್ರಾಣಿಗಳ ಕಥೆ ಬೇರೆ. ಇವೂ ಚಳಿಗಾಲವಿಡೀ ಬಾಯಿ ಮುಚ್ಚಿಕೊಂಡಿರುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಚಳಿಗಾಲದಲ್ಲಿ ಹಿಮಕ್ಕೆ ತೂತು ಕೊರೆದು ಕೆಳಗಿಳಿದು ನೋಡಿದವರು ಬಹಳ ಕಡಿಮೆಯಿದ್ದುದರಿಂದ ಈ ನಂಬಿಕೆಯನ್ನು ಪ್ರಶ್ನಿಸುವವರೂ ಇರಲಿಲ್ಲ ಎಂದು ನನಗನಿಸುತ್ತದೆ. ಸೌತ್ ಆರ್ಕ್ನಿ ದ್ವೀಪಗಳಲ್ಲೊಂದಾದ ಸಿಗ್ನಿಯಲ್ಲಿ ವಿಜ್ಞಾನಿಗಳಾದ ಡೇವಿಡ್ ಬಾರ್ನ್ಸ್ ಮತ್ತು ಆಂಡ್ರ್ಯೂ ಕ್ಲಾರ್ಕ್ ಅವರ ಅಧ್ಯಯನಕ್ಕಾಗಿ ಮುಳುಗುಗಾರರು ವರ್ಷದ ಎಲ್ಲ ಕಾಲಗಳಲ್ಲೂ ನೀರಿಗಿಳಿದು, ಗುಂಪುಗೂಡಿ ಬಾಳುವ ಪುಟ್ಟ ಜೀವಿಗಳಾದ ಬ್ರಯೋಜೋವನ್ ಮುಂತಾದ ಪ್ರಾಣಿಗಳು ಆಹಾರ ಹಿಡಿಯುವ ಎಳೆಗಳನ್ನು ಚಾಚಿವೆಯೋ ಒಳಕ್ಕೆ ಎಳೆದುಕೊಂಡಿವೆಯೋ ಎಂದು ನೋಡಿದರು. 1995ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹಲವು ಪ್ರಾಣಿಗಳು ತಿನ್ನುವುದನ್ನು ನಿಲ್ಲಿಸುವುದು ಎರಡು-ಮೂರು ತಿಂಗಳು ಮಾತ್ರ. ಡಯಾಟಮ್ ಎಂಬ ಏಕಕೋಶ ಪಾಚಿಗಳಲ್ಲಿ ದೊಡ್ಡವುಗಳ ಸುಗ್ಗಿ ಬೇಸಿಗೆಯಲ್ಲಿ ಬೇಗನೆ ಮುಗಿದರೂ, 20 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕದಾದ ಪಾಚಿಕಣಗಳು ಅದಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ಉಳಿಯುತ್ತವೆ. ಅಷ್ಟು ಸಣ್ಣದನ್ನು ಸೋಸಬಲ್ಲವರಿಗೆ ಊಟದ ಕಾಲವೂ ಅಷ್ಟು ಉದ್ದ.

ಇನ್ನೂ ಆಳಕ್ಕೆ, ನೂರಾರು ಮೀಟರ್ ಕೆಳಗಿನ ಕೆಸರಿಗೆ ಹೋದರೆ ಉಪವಾಸದ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ. ಬೇಸಿಗೆಯಲ್ಲಿ ಉದುರಿದ ಪಾಚಿಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಆ ತಣ್ಣೀರಿನಲ್ಲಿ ಬಲು ನಿಧಾನ. ಹಾಗಾಗಿ ಆ ಪಾಚಿ ಹಗೇವಿನಲ್ಲಿ ತುಂಬಿಟ್ಟ ಜೋಳದಂತೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಪರ್ಯಾಯ ದ್ವೀಪದ ಪಶ್ಚಿಮಕ್ಕಿರುವ ಖಂಡಾವರಣದ, ಅಂದರೆ ಕಡಲಲ್ಲಿ ಮುಳುಗಿರುವ ಖಂಡದ ಅಂಚಿನ ಮೇಲೆ 1999ರಿಂದ 2001ರವರೆಗೆ ನಡೆದ ‘ಫುಡ್‌ಬ್ಯಾಂಕ್ಸ್’ ಯೋಜನೆ ಪರೀಕ್ಷಿಸಿದ್ದು ಇದನ್ನೇ. ಅಲ್ಲಿ ಕೆಸರು ನುಂಗುವ ಸಮುದ್ರ ಸೌತೆ ಎಂಬ ಪ್ರಾಣಿಗಳು, ಮೇಲೆ ಹಿಮ ಹೆಪ್ಪುಗಟ್ಟಿದ್ದ ಕಾಲದಲ್ಲೂ ಮೇಯುತ್ತಲೇ ಇದ್ದವು.