ಒಂದು ಸರ್ವರ್ ರ‍್ಯಾಕ್‌ಗೆ ಎಷ್ಟು ವಿದ್ಯುತ್, ಎಷ್ಟು ಕೂಲಿಂಗ್ ಬೇಕು?

ಪವರ್ ಸಪ್ಲೈ ಮೇಲೆ ಬರೆದ ವ್ಯಾಟ್‌ಗಳನ್ನು ಕೂಡಿಸಬೇಡಿ. ಅದು ಗರಿಷ್ಠ ಸಾಮರ್ಥ್ಯ, ಬಳಕೆಯಲ್ಲ. ಪೂರ್ತಿ ಲೋಡ್‌ನಲ್ಲಿ ಅಳೆದ ಅಂಕಿ ಹಿಡಿಯಿರಿ. ತಲಾ 400 ವ್ಯಾಟ್‌ನ 12 ಸರ್ವರ್ ಅಂದರೆ 4.8 ಕಿಲೋವ್ಯಾಟ್. 230 ವೋಲ್ಟ್, 32 ಆಂಪಿಯರ್ ಲೈನ್ 7.36 ಕಿಲೋವ್ಯಾಟ್ ಕೊಡುತ್ತದೆ. ನಿರಂತರ ಲೋಡ್‌ಗೆ ಅದರ ಶೇ. 80, ಅಂದರೆ ಸುಮಾರು 5.9. ಎರಡು ಲೈನ್ ಎಳೆದರೆ ದುಪ್ಪಟ್ಟು ಸಿಕ್ಕಿತೆಂದು ಎಣಿಸುವವರೇ ಹೆಚ್ಚು. ಆದರೆ ಎರಡನೆಯದು ಮೊದಲನೆಯದು ಕೈಕೊಟ್ಟಾಗ ಆಸರೆಗೆ. ಒಂದು ಹೋದರೆ ಇಡೀ ಲೋಡ್ ಇನ್ನೊಂದರ ಮೇಲೆ ಬಿದ್ದು, ಬ್ರೇಕರ್ ಟ್ರಿಪ್ ಆಗಿ ರ‍್ಯಾಕ್ ಪೂರ್ತಿ ಆಫ್! ಎರಡೂ ಲೈನ್‌ಗಳ ಲೋಡ್ ಸೇರಿ 5.9 ಕಿಲೋವ್ಯಾಟ್ ದಾಟಬಾರದು.

ಬಳಸಿದ ವಿದ್ಯುತ್ತೆಲ್ಲ ಶಾಖವೇ. ಎಸಿಯ ಒಂದು ಟನ್‌ಗೆ 3.5 ಕಿಲೋವ್ಯಾಟ್ ಲೆಕ್ಕದಲ್ಲಿ ಇಲ್ಲಿನ 4.8 ಕಿಲೋವ್ಯಾಟ್‌ಗೆ ಸುಮಾರು 1.4 ಟನ್ ಕೂಲಿಂಗ್ ಬೇಕು. ಸರ್ವರ್ ಮುಂಭಾಗಕ್ಕೆ ಬರುವ ಗಾಳಿ 18–27 ಡಿಗ್ರಿ ಸೆಲ್ಸಿಯಸ್ ಇರಲಿ. ಖಾಲಿ ಜಾಗಕ್ಕೆ ಬ್ಲ್ಯಾಂಕಿಂಗ್ ಪ್ಯಾನೆಲ್ (ಸರ್ವರ್ ಇಲ್ಲದ ಕಡೆ ಮುಚ್ಚುವ ಫಲಕ) ಹಾಕದಿದ್ದರೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಸುತ್ತಿ ಬರುತ್ತದೆ. ಆಗ ಎಸಿ ಎಷ್ಟು ದೊಡ್ಡದಿದ್ದರೂ ಮೇಲಿನ ಸರ್ವರ್‌ಗಳು ಬಿಸಿಯಾಗುತ್ತವೆ.